ಎದ್ದು ನಿಂತ ಮಾತ್ರಕ್ಕೆ ಏನೂ ಆಗಿಲ್ಲವೆಂದಲ್ಲ

ದೀಪಾವಳಿ ಪಾಡ್ಯ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹುಡುಗರನ್ನು ಮನೆಯಲ್ಲಿ ಹಿಡಿದು ಕೂರಿಸುವುದು ಯಾರಿಂದಲೂ ಆಗುವುದಿಲ್ಲ. ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಲೂನು ಕಟ್ಟಿದ ಹೋರಿ ಅಖಾಡಕ್ಕೆ ನುಗ್ಗಿತೆಂದರೆ ಅದರ ಕೊಬ್ಬರಿ ಹರಿಯುವವರೆಗೂ ನಿಮಗೆ ಸಮಾಧಾನವಿಲ್ಲ. ಹೋರಿ ಹಬ್ಬಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವವರಲ್ಲ. ಆದರೆ ತಲೆಯ ವಿಷಯದಲ್ಲಿ ನೀವು ತೋರಿಸುವ ಉಡಾಫೆ ನೋಡಿ ಸುಮ್ಮನಿರಲೂ ಆಗುತ್ತಿಲ್ಲ.

ಕೈ ಮುರಿದರೆ ಕೂಡಲೇ ಆಸ್ಪತ್ರೆಗೆ ಓಡುತ್ತೀರಿ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಮುಖಕ್ಕೆ ನೀರು ಚಿಮುಕಿಸಿ, ಗಾಯಕ್ಕೆ ಅರಿಶಿನ ಮೆತ್ತಿ, ‘ಗಂಡ್ಸಾಗಿ ಇಷ್ಟಕ್ಕೆಲ್ಲಾ ಹೆದರ್ತಿ ಏನಲೇ’ ಎಂದು ಮತ್ತೆ ಹೋರಿಯ ಮುಂದಕ್ಕೆ ತಳ್ಳುತ್ತೀರಿ. ತಲೆ ಗಟ್ಟಿ ಇದೆಯೆಂದು ಬಂಡೆಗೆ ಚಚ್ಚಿಕೊಳ್ಳಬೇಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬುರುಡೆ ಗಟ್ಟಿ ಇರಬಹುದು, ಒಳಗಿನ ಮೆದುಳು ಮೆತ್ತಗಿನ ವಸ್ತು. ಜೋರಾಗಿ ಬಿದ್ದಾಗ ಅದು ಒಳಗೇ ಕುಲುಕುತ್ತದೆ. ಹೊರಗೆ ಒಂದು ಹನಿ ರಕ್ತ ಬರದೆಯೂ, ಎಚ್ಚರ ತಪ್ಪದೆಯೂ ಮೆದುಳಿಗೆ ಪೆಟ್ಟಾಗಿರಬಹುದು.

ಇಂಥ ಪೆಟ್ಟಿನ ಬಗ್ಗೆಯೇ 2015ರಲ್ಲಿ ‘ಕನ್ಕಷನ್’ ಎಂಬ ಇಂಗ್ಲಿಷ್ ಸಿನಿಮಾ ಬಂತು. ಬಿಡುವಿದ್ದಾಗ ನೋಡಿ. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನಂತಲ್ಲ. ಚೆಂಡು ಹಿಡಿದು ಓಡುವವನ ಮೈಮೇಲೆ ಬಿದ್ದು ಕೆಡಹುವ ಆಟ. ಅದರಲ್ಲಿ ಹೆಸರು ಮಾಡಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 50. ಕೊನೆಯ ವರ್ಷಗಳಲ್ಲಿ ನೆನಪು, ಬುದ್ಧಿ, ಸಂಸಾರ ಎಲ್ಲ ಕೈತಪ್ಪಿದ್ದವು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಆತನ ಮೆದುಳನ್ನು ಪರೀಕ್ಷಿಸಿ, ವರ್ಷಗಟ್ಟಲೆ ಬಿದ್ದ ಪೆಟ್ಟುಗಳು ಅದನ್ನು ಒಳಗೊಳಗೇ ಕೆಡಿಸಿದ್ದನ್ನು ಕಂಡು, 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಟ ನಡೆಸುವ ದೊಡ್ಡವರು ಬಹಳ ಕಾಲ ಒಪ್ಪಲೇ ಇಲ್ಲ. ಇದೇ ಆ ಸಿನಿಮಾದ ಕಥೆ, ಆ ವೈದ್ಯರ ಪಾತ್ರವನ್ನು ನಟ ವಿಲ್ ಸ್ಮಿತ್ ಮಾಡಿದ್ದಾರೆ. ಹೆಲ್ಮೆಟ್ ತೊಟ್ಟು ಆಡಿದವನ ಗತಿಯೇ ಹೀಗಾದರೆ, ಬರಿದಲೆಯಲ್ಲಿ ಹೋರಿಗೆ ಎದುರು ನಿಲ್ಲುವ ನಿಮ್ಮ ಗತಿ ಏನು? ಹೋರಿ ಹಬ್ಬವಷ್ಟೇ ಅಲ್ಲ, ಕಬಡ್ಡಿಯಲ್ಲಿ ತಲೆಗೆ ತಲೆ ಬಡಿದಾಗಲೂ, ಕುಸ್ತಿಯಲ್ಲಿ ಎತ್ತಿ ಒಗೆದಾಗಲೂ ಇದೇ ಲೆಕ್ಕ.

ಈಗ ಮಾಡಬೇಕಾದ್ದು ಕೇಳಿ. ಪೆಟ್ಟು ತಿಂದವನನ್ನು ಮೊದಲು ಆಟದಿಂದ ಹೊರಗೆ ಕೂರಿಸಿ. ‘ಆರಾಮ್ ಅದೀನಿ’ ಎಂದರೂ ಆ ದಿನ ಮತ್ತೆ ಒಳಗೆ ಬಿಡಬೇಡಿ. ಕ್ರಿಕೆಟ್‌ನವರೂ 2019ರಿಂದ ತಲೆಗೆ ಪೆಟ್ಟಾದ ಆಟಗಾರನ ಬದಲು ಇನ್ನೊಬ್ಬನನ್ನು ಇಳಿಸಲು ನಿಯಮ ಮಾಡಿದ್ದಾರೆ. ಇವತ್ತು ಯಾವ ವಾರ, ಯಾವ ಊರಲ್ಲಿದ್ದೇವೆ, ಈಗ ಓಡಿದ ಹೋರಿ ಯಾರದ್ದು ಎಂದು ಕೇಳಿ ನೋಡಿ. ಉತ್ತರ ತಡವರಿಸಿದರೆ ಕುಡಿದ ಅಮಲು ಎಂದು ನಕ್ಕು ಬಿಡಬೇಡಿ.

ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲಲ್ಲಿ ಬಲವಿಲ್ಲದಿರುವುದು, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದರದು ಸಣ್ಣದು ಕಾಣುವುದು, ಕಿವಿ ಮೂಗಿನಿಂದ ನೀರಿನಂಥದ್ದು ಅಥವಾ ರಕ್ತ ಸೋರುವುದು: ಇದರಲ್ಲಿ ಒಂದೇ ಕಂಡರೂ 108ಕ್ಕೆ ಫೋನ್ ಮಾಡಿ. ಕೆಲವರು ಪೆಟ್ಟು ತಿಂದು ಎದ್ದು, ಮಾತಾಡಿ, ಕೆಲವು ಗಂಟೆ ಕಳೆದ ಮೇಲೆ ಕುಸಿಯುತ್ತಾರೆ. ಒಳಗೆ ರಕ್ತ ಸೋರುತ್ತಿರುತ್ತದೆ. ಅದಕ್ಕೇ ಮೊದಲ ದಿನ ರಾತ್ರಿ ಅವನನ್ನು ಒಬ್ಬನೇ ಮಲಗಲು ಬಿಡಬೇಡಿ. ಹಾವೇರಿಯ ಜಿಲ್ಲಾಸ್ಪತ್ರೆಗೋ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಹೋಗಬೇಕೆಂದು ವೈದ್ಯರು ಹೇಳಿದರೆ, ‘ಬೆಳಗಾಗಲಿ ನೋಡೋಣ’ ಎನ್ನಬೇಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಬಾರದು.

ಮಾಡಬಾರದ್ದೂ ಇದೆ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹೊಯ್ಯಬೇಡಿ. ನಾಲ್ಕು ಜನ ಕೈಕಾಲು ಹಿಡಿದು ಎತ್ತಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬಿಡಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ. ಅವನ ಕೈಗೆ ಗಾಡಿಯ ಕೀಲಿಯನ್ನಂತೂ ಕೊಡಲೇಬೇಡಿ. ನೋವಿಗೆಂದು ಅಂಗಡಿಯಿಂದ ಯಾವುದೋ ಗುಳಿಗೆ ತಂದು ನುಂಗಿಸಬೇಡಿ. ಕೆಲವು ಗುಳಿಗೆ ರಕ್ತಸ್ರಾವ ಹೆಚ್ಚಿಸುತ್ತವೆ. ಸಾರಾಯಿ ಮುಟ್ಟಿಸಬೇಡಿ.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದು ಮರುದಿನವೇ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊರಲು ಹೋಗಬೇಡಿ. ಒಂದೆರಡು ದಿನ ವಿಶ್ರಾಂತಿ ಬೇಕು. ಮೊಬೈಲ್ ನೋಡುವುದೂ ಕಡಿಮೆ ಇರಲಿ. ಆಮೇಲೆ ನಿಧಾನಕ್ಕೆ ಕೆಲಸ, ಕಡೆಗೆ ಆಟ, ಅದೂ ವೈದ್ಯರು ಒಪ್ಪಿದ ಮೇಲೆ. ಮೊದಲ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಅಪಾಯ ಹೆಚ್ಚು. ತಾಳಿದವನು ಬಾಳಿಯಾನು.

ನೋಡಲು ಬರುವವರಿಗೂ ಎರಡು ಮಾತು. ಹೋರಿಗೆ ಆಟಗಾರ ಯಾರು, ನೋಡುಗ ಯಾರು ಗೊತ್ತಾಗುವುದಿಲ್ಲ. ದಾರಿಯ ಅಂಚಿನಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲಬೇಡಿ. ಸೆಲ್ಫಿಗಾಗಿ ಹೋರಿಗೆ ಬೆನ್ನು ಕೊಡಬೇಡಿ. ಹಬ್ಬ ನಡೆಸುವ ಹಿರಿಯರೇ, ಗಟ್ಟಿ ಬೇಲಿ ಹಾಕಿಸಿ, ಆಂಬುಲೆನ್ಸ್ ನಿಲ್ಲಿಸಿ, ಅದು ಹೊರಡಲು ದಾರಿ ಖಾಲಿ ಇಡಿಸಿ. ಬಹುಮಾನಕ್ಕೆ ಬೈಕು ತರಲು ದುಡ್ಡು ಕೂಡುತ್ತದೆ ಎಂದಮೇಲೆ ಇದಕ್ಕೂ ಕೂಡುತ್ತದೆ.

ಕೊನೆಯದಾಗಿ, ಗೆಳೆಯರ ಪ್ರತಿ ಬಳಗವೂ ಅಖಾಡಕ್ಕೆ ಇಳಿಯದ, ಕುಡಿಯದ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಯಾರಿಗೆ ಪೆಟ್ಟಾಯಿತು ಎಂದು ನೋಡುವುದೇ ಅವರ ಕೆಲಸ. ಅವರು ‘ಇವತ್ತಿಗೆ ಸಾಕು, ಹೊರಗೆ ಬಾ’ ಎಂದರೆ ವಾದಿಸದೆ ಬನ್ನಿ. ಕೊಬ್ಬರಿ ಮುಂದಿನ ವರ್ಷವೂ ಹರಿಯಬಹುದು.