ಷೇರಿನ ಬೆಲೆ, ಕಂಪನಿಯ ಯೋಗ್ಯತೆ

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧವು ಆರಂಭವಾಯಿತು. ಉತ್ತರದ ನೌಕಾಪಡೆಯು ದಕ್ಷಿಣದ ಬಂದರುಗಳನ್ನು ಮುತ್ತಿದುದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಯಿತು. ಗಿರಣಿಯ ಮಾಲೀಕರು ಭಾರತದ ಕಡೆಗೆ ತಿರುಗಿದರು. ಮುಂಬಯಿಯಲ್ಲಿ ಹತ್ತಿಯ ಧಾರಣೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯ ಹತ್ತಿಯೂ ಘಟ್ಟವನ್ನಿಳಿದು ಕುಮಟಾ ಬಂದರಿನ ಮಾರ್ಗವಾಗಿ ಅಲ್ಲಿಗೆ ಹೋಗುತ್ತಿತ್ತು. ಅನಿರೀಕ್ಷಿತವಾಗಿ ಹರಿದುಬಂದ ಈ ಸಂಪತ್ತನ್ನು ಏನು ಮಾಡಬೇಕೆಂದು ತೋಚದ ಮುಂಬಯಿಯ ವರ್ತಕರು ಹೊಸ ಹೊಸ ಬ್ಯಾಂಕುಗಳನ್ನೂ ಕಂಪನಿಗಳನ್ನೂ ಸ್ಥಾಪಿಸಿ, ಅವುಗಳ ಷೇರುಗಳನ್ನು ಕೊಳ್ಳುವುದರಲ್ಲಿಯೂ ಮಾರುವುದರಲ್ಲಿಯೂ ತೊಡಗಿದರು.

ಷೇರು ಎಂದರೆ ಪಾಲು. ದೊಡ್ಡ ಉದ್ಯಮಕ್ಕೆ ಬೇಕಾದ ಬಂಡವಾಳವನ್ನು ಒಬ್ಬನೇ ಒದಗಿಸುವುದು ಕಷ್ಟ. ಆದುದರಿಂದ ಅದನ್ನು ಸಣ್ಣ ಸಮಪಾಲುಗಳಾಗಿ ವಿಂಗಡಿಸಿ ಅನೇಕರಿಗೆ ಮಾರುತ್ತಾರೆ. ಪಾಲನ್ನು ಕೊಂಡವನು ಕಂಪನಿಗೆ ಸಾಲ ಕೊಟ್ಟವನಲ್ಲ; ಅದರ ಒಡೆಯರಲ್ಲಿ ಒಬ್ಬ. ಲಾಭ ಬಂದರೆ ಲಾಭಾಂಶ ದೊರೆತೀತು. ನಷ್ಟವಾದರೆ ಹಾಕಿದ ಹಣವೂ ಹೋದೀತು. ಹಣ ಬೇಕಾದಾಗ ಅವನು ತನ್ನ ಪಾಲನ್ನು ಇನ್ನೊಬ್ಬರಿಗೆ ಮಾರಬೇಕು. ಹೀಗೆ ಕೊಳ್ಳುವವರಿಗೂ ಮಾರುವವರಿಗೂ ಸಂಧಿಸುವ ಎಡೆಯೇ ಷೇರುಪೇಟೆ. ಅಲ್ಲಿ ಪ್ರತಿದಿನ ನಿಗದಿಯಾಗುವ ಬೆಲೆಯು ಜನರ ಆಸೆ ಆತಂಕಗಳಿಗೆ ತಕ್ಕಂತೆ ಏರಿಳಿಯುತ್ತದೆ. ಕಂಪನಿಯ ಯೋಗ್ಯತೆಯಾದರೋ ಅದರ ದುಡಿಮೆಯನ್ನು ಅವಲಂಬಿಸಿದೆ. ಇವೆರಡೂ ಒಂದೇ ಎಂದು ಬಗೆದುದೇ ಅಂದು ಮುಂಬಯಿಗೆ ಒದಗಿದ ವಿಪತ್ತಿಗೆ ಕಾರಣ.

ಕಡಲನ್ನು ತುಂಬಿಸಿ ನೆಲವನ್ನು ಪಡೆಯುವ ಉದ್ದೇಶದಿಂದ ಹುಟ್ಟಿದ ಬ್ಯಾಕ್ ಬೇ ಕಂಪನಿಯ ರೂ. 5,000ದ ಷೇರು ರೂ. 50,000ವನ್ನು ಮುಟ್ಟಿತು. ಆ ನೆಲವಾದರೋ ಬಹುಪಾಲು ಇನ್ನೂ ನೀರಿನಡಿಯಲ್ಲಿಯೇ ಇತ್ತು! ಷೇರುಗಳನ್ನು ಒತ್ತೆಯಿಟ್ಟುಕೊಂಡು ಬ್ಯಾಂಕುಗಳು ಸಾಲ ಕೊಟ್ಟವು. ಆ ಸಾಲದಿಂದ ಜನ ಮತ್ತಷ್ಟು ಷೇರುಗಳನ್ನು ಕೊಂಡರು. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಧಾರಣೆ ಇಳಿಯಿತು. ಜುಲೈ 1ರಂದು ವಾಯಿದೆಯ ವ್ಯವಹಾರಗಳಿಗೆ ಹಣ ಸಲ್ಲಿಸಬೇಕಾಗಿತ್ತು. ಸಲ್ಲಿಸಲು ಯಾರಲ್ಲಿಯೂ ಹಣವಿರಲಿಲ್ಲ. ಬ್ಯಾಕ್ ಬೇ ಷೇರು ರೂ. 2,000ಕ್ಕಿಂತಲೂ ಕೆಳಗಿಳಿಯಿತು. ಪೇಟೆಯ ಅರಸನೆನಿಸಿದ್ದ ದಲ್ಲಾಳಿ ಪ್ರೇಮಚಂದ್ ರಾಯಚಂದ್ ದಿವಾಳಿಯಾದನು. ಆತನು ಕೊಟ್ಟ ದಾನದಿಂದ ಕಟ್ಟಿದ, ಆತನ ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರವು ಮಾತ್ರ ಮುಂಬಯಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಇಂದಿಗೂ ನಿಂತಿದೆ.

ಹಾಗೆಂದು ಇನ್ನೂ ಆದಾಯವಿಲ್ಲದ ಕಂಪನಿಯ ಷೇರನ್ನು ಕೊಳ್ಳುವುದೆಲ್ಲವೂ ಅವಿವೇಕವೆನ್ನಲಾಗದು. 1907ರಲ್ಲಿ ಟಾಟಾ ಕಬ್ಬಿಣ ಮತ್ತು ಉಕ್ಕಿನ ಕಂಪನಿಯು ಷೇರುಗಳನ್ನು ಮಾರಲು ಹೊರಟಾಗ ಅದರ ಬಳಿ ಕುಲುಮೆಯಿರಲಿಲ್ಲ, ಕಾರ್ಖಾನೆಯಿರಲಿಲ್ಲ. ಆದರೆ ಮಯೂರಭಂಜದ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಇರುವುದನ್ನು ಭೂವಿಜ್ಞಾನಿ ಪಿ. ಎನ್. ಬೋಸ್ ಮೊದಲೇ ತಿಳಿಸಿದ್ದರು. ತಜ್ಞರು ಅದನ್ನು ಪರೀಕ್ಷಿಸಿಯೂ ಇದ್ದರು. ಮೂರು ವಾರಗಳಲ್ಲಿ ಸುಮಾರು ಎಂಟು ಸಾವಿರ ಭಾರತೀಯರು ಬೇಕಾದ ಬಂಡವಾಳವನ್ನು ಒದಗಿಸಿದರು. 1912ರಲ್ಲಿ ಉಕ್ಕು ಹೊರಬಂದಿತು. ಆದರೂ ಅವರ ಹಣ ಸುರಕ್ಷಿತವಾಗಿತ್ತೆಂದು ಹೇಳುವಂತಿರಲಿಲ್ಲ. 1924ರಲ್ಲಿ ಕೂಲಿ ಕೊಡುವುದಕ್ಕೂ ಹಣವಿಲ್ಲದ ಸ್ಥಿತಿ ಒದಗಿದಾಗ ದೊರಾಬ್ಜಿ ಟಾಟಾ ಅವರು ತಮ್ಮ ಸ್ವಂತ ಆಸ್ತಿಯನ್ನೂ ಪತ್ನಿಯ ಜ್ಯುಬಿಲಿ ವಜ್ರವನ್ನೂ ಒತ್ತೆಯಿಟ್ಟು ಸಾಲ ತಂದರು. ಒಳ್ಳೆಯ ಕಂಪನಿಯ ಷೇರೂ ಕೆಲವು ವರ್ಷ ಕೆಟ್ಟ ಕಾಲವನ್ನು ಕಾಣಬಹುದು. ಮನೆಯ ಖರ್ಚಿನ ಹಣವನ್ನಾಗಲಿ ಸಾಲದ ಹಣವನ್ನಾಗಲಿ ಷೇರುಗಳಲ್ಲಿ ತೊಡಗಿಸಿದವರಿಗೆ ಅಷ್ಟು ಕಾಲ ಕಾಯುವ ಅವಕಾಶವಿರುವುದಿಲ್ಲ.

ಇನ್ನು ನಡೆಯುತ್ತಿರುವ ಕಂಪನಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಒಂದು ಕಂಪನಿಯು ರೂ. 10 ಮುಖಬೆಲೆಯ ಒಂದು ಲಕ್ಷ ಷೇರುಗಳನ್ನು ಮಾರಿದೆಯೆಂದೂ, ವರ್ಷದಲ್ಲಿ ತೆರಿಗೆ ಕಳೆದು ರೂ. 4 ಲಕ್ಷ ಲಾಭ ಗಳಿಸಿದೆಯೆಂದೂ ಭಾವಿಸೋಣ. ಒಂದು ಷೇರಿನ ಪಾಲಿಗೆ ಬಂದ ಗಳಿಕೆ ರೂ. 4. ಪೇಟೆಯಲ್ಲಿ ಅದರ ಬೆಲೆ ರೂ. 80 ಇದ್ದರೆ, ಕೊಳ್ಳುವವನು ಒಂದು ವರ್ಷದ ಗಳಿಕೆಯ 20 ಪಟ್ಟು ಕೊಡುತ್ತಿದ್ದಾನೆ. ಕಂಪನಿಯು ಷೇರಿಗೆ ರೂ. 2 ಲಾಭಾಂಶ ಹಂಚಿದರೆ, ಅವನ ಹಣಕ್ಕೆ ಕೈಗೆ ಬರುವುದು ನೂರಕ್ಕೆ ಎರಡೂವರೆ ಮಾತ್ರ. ಲಾಭವು ಮುಂದೆ ಬೆಳೆಯುವುದೆಂಬ ನಂಬಿಕೆಯಿದ್ದರೆ ಮಾತ್ರ ಈ ಬೆಲೆ ನ್ಯಾಯವೆನಿಸುತ್ತದೆ. ಆ ನಂಬಿಕೆಗೆ ಆಧಾರವುಂಟೇ ಎಂಬುದನ್ನು ಕಂಪನಿಯ ವಾರ್ಷಿಕ ವರದಿಯಲ್ಲಿ ಹುಡುಕಬೇಕು. ಒಂದು ವರ್ಷದ ಲಾಭ ಸಾಲದು. ಐದಾರು ವರ್ಷಗಳ ಲಾಭವನ್ನು ಹೋಲಿಸಿ ನೋಡಬೇಕು. ಅಢಾವೆ ಪತ್ರಿಕೆಯಲ್ಲಿ ಸಾಲವೆಷ್ಟು, ಮಾರಿದ ಸರಕಿಗೆ ಬರಬೇಕಾದ ಬಾಕಿಯೆಷ್ಟು ಎಂಬುದು ತಿಳಿಯುತ್ತದೆ. ಲಾಭ ಏರುತ್ತಿದ್ದು, ಬಾಕಿ ಅದಕ್ಕಿಂತಲೂ ಬೇಗ ಏರುತ್ತಿದ್ದರೆ ಆ ಲಾಭ ಬಹುಮಟ್ಟಿಗೆ ಕಾಗದದ ಮೇಲಿನದು.

ಈ ಲೆಕ್ಕವೆಲ್ಲ ನಿಲ್ಲುವುದು ಕಂಪನಿಯನ್ನು ನಡೆಸುವವರ ಪ್ರಾಮಾಣಿಕತೆಯ ಮೇಲೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಕಂಪನಿಯ ಲೆಕ್ಕಗಳಿಗೆ ಲೆಕ್ಕಪರಿಶೋಧಕರ ಸಹಿಯಿತ್ತು. ಷೇರುಪೇಟೆಯನ್ನು ನಿಯಂತ್ರಿಸಲು 1992ರಲ್ಲಿ ಶಾಸನಬದ್ಧ ಅಧಿಕಾರ ಪಡೆದ ‘ಸೆಬಿ’ ಸಂಸ್ಥೆಯೂ ಇತ್ತು. 2008ರ ಡಿಸೆಂಬರಿನಲ್ಲಿ ಆ ಕಂಪನಿಯ ಆಡಳಿತವರ್ಗವು ಅಧ್ಯಕ್ಷರ ಕುಟುಂಬಕ್ಕೇ ಸಂಬಂಧಿಸಿದ ಎರಡು ಕಂಪನಿಗಳನ್ನು ಭಾರಿ ಬೆಲೆಗೆ ಕೊಳ್ಳಲು ನಿರ್ಧರಿಸಿ, ಷೇರುದಾರರ ವಿರೋಧಕ್ಕೆ ಮಣಿದು ಕೂಡಲೇ ಹಿಂಜರಿಯಿತು. ಪತ್ರಿಕೆಗಳನ್ನು ಓದುವ ಯಾರಿಗಾದರೂ ದೊರೆಯಬಹುದಾಗಿದ್ದ ಎಚ್ಚರಿಕೆ ಅದು. 2009ರ ಜನವರಿ 7ರಂದು, ಪತ್ರಿಕೆಯಲ್ಲಿ ತೋರಿಸಿದ್ದ ನಗದಿನಲ್ಲಿ ರೂ. 5,040 ಕೋಟಿ ಇಲ್ಲವೇ ಇಲ್ಲವೆಂದು ಅಧ್ಯಕ್ಷರೇ ಪತ್ರದ ಮೂಲಕ ಒಪ್ಪಿಕೊಂಡರು. ಅದೇ ದಿನ ಸಂಜೆಯೊಳಗೆ ರೂ. 179 ಇದ್ದ ಷೇರಿನ ಬೆಲೆಯು ರೂ. 40ರ ಆಸುಪಾಸಿಗೆ ಕುಸಿಯಿತು.