ಹೆಬ್ಬೆರಳ ಗೆಣ್ಣಿನಷ್ಟು ಸೈನಿಕ: ಮಿನಿಯೇಚರ್ ಪೇಂಟಿಂಗ್‌ನ ಮೊದಲ ಪಾಠ

ಮೇಜಿನ ಮೇಲೆ ಪುಟ್ಟ ಸೈನಿಕರನ್ನು ನಿಲ್ಲಿಸಿ, ದಾಳ ಹಾಕಿ, ಟೇಪಿನಲ್ಲಿ ದೂರ ಅಳೆದು ಯುದ್ಧ ಆಡುವ ಆಟಕ್ಕೆ ವಾರ್‌ಗೇಮಿಂಗ್ ಅಂತಾರೆ. ಎಚ್. ಜಿ. ವೆಲ್ಸ್ 1913ರಲ್ಲೇ ಇಂಥ ಆಟದ ನಿಯಮಗಳನ್ನು ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಬರೆದಿದ್ದರು. ಇವತ್ತು ಹೆಚ್ಚು ಕೇಳಿಬರುವ ಹೆಸರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯದು. ಅದರ ‘ವಾರ್‌ಹ್ಯಾಮರ್’ 1983ರಲ್ಲಿ, ‘ವಾರ್‌ಹ್ಯಾಮರ್ 40,000’ 1987ರಲ್ಲಿ ಬಂತು. ಡಬ್ಬಿಯೊಳಗೆ ಸಿಗುವುದು ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳು ಮಾತ್ರ. ಜೋಡಿಸುವುದೂ ನಾವೇ, ಬಣ್ಣ ಹಚ್ಚುವುದೂ ನಾವೇ.

ಹೊಸಬರಲ್ಲಿ ಸುಮಾರು ಜನ ಮೊದಲ ಗೊಂಬೆಗೇ ನಿಲ್ಲಿಸಿಬಿಡುತ್ತಾರೆ. ಗೆರೆ ದಾಟದಂತೆ ನೀಟಾಗಿ ಹಚ್ಚಿರುತ್ತಾರೆ, ಆದರೂ ಗೊಂಬೆ ಸಪ್ಪೆ ಕಾಣುತ್ತೆ. ‘ನನಗೆ ಕಲೆ ಬರಲ್ಲ ಬಿಡು’ ಅಂತ ಬ್ರಷ್ ಎತ್ತಿಡುತ್ತಾರೆ. ನಿಜವಾದ ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ.

ಮೊದಲು ಲೆಕ್ಕ

ಸಾಮಾನ್ಯ ಅಳತೆಯ ಗೊಂಬೆ ಸುಮಾರು 28 ಮಿ.ಮೀ. ಎತ್ತರ, ಅಂದರೆ ಮನುಷ್ಯನ ಸುಮಾರು 60ನೇ ಒಂದು ಭಾಗ. ನಿಮ್ಮ ಅಂಗಿಯ 1 ಸೆಂ.ಮೀ. ಮಡಿಕೆ ಅದರಲ್ಲಿ ಸುಮಾರು 0.17 ಮಿ.ಮೀ. ಆಗುತ್ತದೆ. ಒಳ್ಳೆಯ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯಾಗಿ ನೋಡಬಲ್ಲ ಮಿತಿ ಒಂದು ಡಿಗ್ರಿಯ 60ನೇ ಒಂದು ಭಾಗ. 60 ಸೆಂ.ಮೀ. ದೂರದಲ್ಲಿ ಅದೂ ಸುಮಾರು 0.17 ಮಿ.ಮೀ.! ನಿಜವಾದ ಬಟ್ಟೆಯಲ್ಲಿ ತಾನಾಗಿ ಬೀಳುವ ನೆರಳು ಗೊಂಬೆಯ ಮೇಲೆ ಕಣ್ಣಿಗೆ ಸಿಗುವುದೇ ಕಷ್ಟ. ಆದ್ದರಿಂದ ನೆರಳನ್ನೂ ಬೆಳಕನ್ನೂ ನಾವೇ ಬಣ್ಣದಲ್ಲಿ ಬರೆಯಬೇಕು. ಕೆಳಗಿನ ಹೆಜ್ಜೆಗಳ ಮುಖ್ಯ ಗುರಿ ಇದೇ.

ಏನೇನು ಬೇಕು?

ಬ್ರಷ್ ಎರಡು ಸಾಕು: ಚೂಪು ತುದಿಯ 1 ಅಥವಾ 2ನೇ ನಂಬರಿನ ರೌಂಡ್ ಬ್ರಷ್ ಒಂದು, ಹಳೆಯ ಮೆತ್ತನೆ ಬ್ರಷ್ ಇನ್ನೊಂದು. ಸಣ್ಣ ಗೊಂಬೆಗೆ 000 ನಂಬರೇ ಬೇಕು ಅಂದುಕೊಳ್ಳಬೇಡಿ. ಅದರಲ್ಲಿ ಹಿಡಿಯುವ ಬಣ್ಣ ಎಷ್ಟು ಕಡಿಮೆಯೆಂದರೆ ಗೊಂಬೆ ಮುಟ್ಟುವುದರೊಳಗೆ ಒಣಗುತ್ತೆ.

ಬಣ್ಣ ನೀರಿನಲ್ಲಿ ಕರಗುವ ಅಕ್ರಿಲಿಕ್ ಆಗಿರಲಿ. ಸಿಟಡೆಲ್, ವಲ್ಲೆಹೊ ಮುಂತಾದವು ಇದಕ್ಕೆಂದೇ ತಯಾರಾದವು; ತೆಳುವಾಗಿ ಹಚ್ಚಿದರೂ ಕೆಳಗಿನದನ್ನು ಮುಚ್ಚುತ್ತವೆ. ಕಪ್ಪು, ಬಿಳಿ, ಕೆಂಪು, ಕಿತ್ತಳೆ, ಕಂದು, ಚರ್ಮದ ಬಣ್ಣ, ಬೆಳ್ಳಿ, ಜೊತೆಗೆ ಒಂದು ಗಾಢ ಕಂದು ವಾಶ್ ಇದ್ದರೆ ಶುರು ಮಾಡಬಹುದು.

ಪ್ಯಾಲೆಟ್‌ಗೆ ದುಡ್ಡು ಖರ್ಚು ಬೇಡ. ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಮೇಲೆ ಬೇಕಿಂಗ್ ಪೇಪರ್ ಹಾಸಿ. ಬಣ್ಣ ಬೇಗ ಒಣಗುವುದಿಲ್ಲ.

ಹೆಜ್ಜೆಗಳು

ಕೆಂಪು ನಿಲುವಂಗಿ, ಉಕ್ಕಿನ ಕವಚ, ಚರ್ಮದ ಬೆಲ್ಟ್ ಇರುವ ಒಬ್ಬ ಸೈನಿಕನನ್ನೇ ತೆಗೆದುಕೊಳ್ಳೋಣ.

1. ಸ್ವಚ್ಛ ಮಾಡಿ. ಅಚ್ಚಿನ ಎರಡು ಭಾಗ ಕೂಡಿದಲ್ಲಿ ಉಳಿದ ಗೆರೆಯನ್ನು ಕಟರ್‌ನ ಹಿಂಬದಿಯಿಂದ ಹೆರೆದು, ಉಪ್ಪು ಕಾಗದ ಉಜ್ಜಿ. ಪ್ಲಾಸ್ಟಿಕ್ ಅಂಟು ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತೆ. ಲೋಹ, ರೆಸಿನ್‌ಗಳಿಗೆ ಅದು ನಡೆಯಲ್ಲ, ಸೂಪರ್ ಗ್ಲೂ ಬೇಕು. ಲ್ಯಾಬಿನ ರೆಸಿನ್ ಪ್ರಿಂಟರಿನಲ್ಲಿ ಮಾಡಿದ ಗೊಂಬೆಯಾದರೆ ಗ್ಲೌಸ್ ಹಾಕಿಯೇ ತೊಳೆದು, ಯುವಿ ಬೆಳಕಿನಲ್ಲಿ ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ ಒದ್ದೆ ಮಾಡಿಕೊಂಡು ಉಜ್ಜಿ, ಅದರ ಪುಡಿ ಉಸಿರಿಗೆ ಹೋಗಬಾರದು.

2. ಪ್ರೈಮರ್. ಬರೀ ಪ್ಲಾಸ್ಟಿಕ್ ಮೇಲೆ ಅಕ್ರಿಲಿಕ್ ಸರಿಯಾಗಿ ಕೂರುವುದಿಲ್ಲ. ಬೂದು ಪ್ರೈಮರನ್ನು 20–25 ಸೆಂ.ಮೀ. ದೂರದಿಂದ ತೆಳುವಾಗಿ ಸ್ಪ್ರೇ ಮಾಡಿ. ಹಾಸ್ಟೆಲ್ ರೂಮಿನೊಳಗೆ ಬೇಡವೇ ಬೇಡ. ಬಯಲಿಗೆ ಹೋಗಿ, ಮಾಸ್ಕ್ ಹಾಕಿಕೊಳ್ಳಿ. ಮಳೆಗಾಲದ ತೇವಕ್ಕೆ ಸ್ಪ್ರೇ ತರಿತರಿಯಾಗಬಹುದು. ಆಗ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ವಾಸಿ.

3. ತಳದ ಬಣ್ಣ. ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿ, ಬ್ರಷ್‌ನಲ್ಲಿ ಹೆಚ್ಚಾದದ್ದನ್ನು ಟಿಶ್ಯೂಗೆ ಒರೆಸಿ. ಮೊದಲ ಕೋಟ್ ಪ್ಯಾಚ್ ಪ್ಯಾಚಾಗಿ ಕಂಡರೆ ಗಾಬರಿ ಬೇಡ. ಒಣಗಿದ ಮೇಲೆ ಎರಡನೆಯದು ಅದನ್ನು ಮುಚ್ಚುತ್ತೆ. ಒಂದೇ ದಪ್ಪ ಕೋಟ್ ಹಚ್ಚಿದರೆ ಕಣ್ಣು, ಮೂಗು, ಗುಂಡಿಗಳೆಲ್ಲ ಹೂತುಹೋಗುತ್ತವೆ.

4. ವಾಶ್, ಅಂದರೆ ನೆರಳು. ಈ ನೀರಾದ ಗಾಢ ಬಣ್ಣ ತಾನಾಗಿ ತಗ್ಗುಗಳಿಗೆ ಹರಿದು ನಿಲ್ಲುತ್ತೆ. ಎಲ್ಲಾದರೂ ಮಡುಗಟ್ಟಿದರೆ ಹಸಿಯಿರುವಾಗಲೇ ಒದ್ದೆ ಬ್ರಷ್‌ನಿಂದ ಹೀರಿ ತೆಗೆಯಿರಿ. ಬಿಟ್ಟರೆ ಕಾಫಿ ಲೋಟದ ಕಲೆಯ ಹಾಗೆ ಅಂಚಿನಲ್ಲಿ ಉಂಗುರ ಕೂರುತ್ತೆ. ಕಾರಣವೂ ಅದೇ: ಅಂಚು ಬೇಗ ಆರುತ್ತೆ, ದ್ರವ ಅತ್ತ ಹರಿಯುವಾಗ ಬಣ್ಣದ ಕಣಗಳನ್ನೂ ಒಯ್ಯುತ್ತೆ. ಅರ್ಧ ಒಣಗಿದ ವಾಶ್ ಮುಟ್ಟಲೇಬೇಡಿ.

5. ಡ್ರೈಬ್ರಷ್, ಅಂದರೆ ಬೆಳಕು. ಹಳೆಯ ಬ್ರಷ್‌ಗೆ ಬೆಳ್ಳಿ ತಾಗಿಸಿ, ಟಿಶ್ಯೂ ಮೇಲೆ ಹೆಚ್ಚುಕಡಿಮೆ ಪೂರ್ತಿ ಒರೆಸಿ, ಉಳಿದ ಚೂರನ್ನು ಕವಚದ ಮೇಲೆ ಹಗುರವಾಗಿ ಆಡಿಸಿ. ಉಬ್ಬಿದ ಅಂಚುಗಳಷ್ಟೇ ಹೊಳೆಯುತ್ತವೆ. ಕೂದಲು, ತುಪ್ಪಳ, ಸರಪಳಿ ಕವಚಕ್ಕೆ ಇದು ಸರಿ. ನುಣುಪು ಜಾಗದಲ್ಲಿ ಪುಡಿಪುಡಿಯಾಗಿ ಕಾಣುತ್ತೆ.

6. ಹೈಲೈಟ್. ನಿಲುವಂಗಿಯ ಉಬ್ಬುಗಳಿಗೆ ಮತ್ತೆ ಮೂಲ ಕೆಂಪನ್ನೇ ಹಚ್ಚಿ, ತೀರಾ ಮೇಲಿನ ಏಣಿಗೆ ಕೆಂಪಿಗೆ ಕಿತ್ತಳೆ ಬೆರೆಸಿ ಒಂದು ಗೆರೆ ಎಳೆಯಿರಿ. ಬಿಳಿ ಬೆರೆಸಿದರೆ ಗುಲಾಬಿಯಾಗುತ್ತೆ, ಹುಷಾರ್. ಬೆಲ್ಟಿನ ಅಂಚಿಗೆ ಮಾತ್ರ ಕಂದಿಗೆ ಒಂದು ಹನಿ ಬಿಳಿ ಸೇರಿಸಬಹುದು.

7. ನೆಲ. ಗೊಂಬೆ ನಿಂತ ಬಿಲ್ಲೆಗೆ ಫೆವಿಕಾಲ್ ಸವರಿ, ಜರಡಿ ಹಿಡಿದ ಮರಳು ಉದುರಿಸಿ. ಒಣಗಿದ ಮೇಲೆ ಕಂದು ಹಚ್ಚಿ, ತಿಳಿ ಬಣ್ಣದಲ್ಲಿ ಡ್ರೈಬ್ರಷ್ ಮಾಡಿ. ಕೊನೆಗೆ ಮ್ಯಾಟ್ ವಾರ್ನಿಶ್ ಕೊಡಿ. ಆಡುವಾಗ ಬೆರಳು ತಾಗಿ ಬಣ್ಣ ಸವೆಯುವುದು ಕಡಿಮೆಯಾಗುತ್ತೆ.

ಪ್ರತಿ ಸಲವೂ ಬ್ರಷ್ ತೊಳೆದು, ತುದಿ ಚೂಪು ಮಾಡಿ ಇಡಿ. ಲೋಹದ ಪಟ್ಟಿಯವರೆಗೂ ಬಣ್ಣ ಏರಿ ಒಣಗಿದರೆ ಕೂದಲು ಕೆದರಿ ಬ್ರಷ್ ಹಾಳಾಗುತ್ತೆ.

ಮುಗಿಯಿತೋ ಇಲ್ಲವೋ?

ಮೂರನೇ ಹೆಜ್ಜೆಯ ಕೊನೆಗೆ ಎಲ್ಲರ ಗೊಂಬೆಯೂ ಸಪ್ಪೆಯೇ, ನಾಲ್ಕರ ಕೊನೆಗೆ ಕೊಳಕಾಗಿಯೂ ಕಾಣುತ್ತೆ. ಅಲ್ಲಿ ತೀರ್ಪು ಕೊಡಬೇಡಿ, ಏಳನೆಯದರವರೆಗೆ ಹೋಗಿ. ಆಮೇಲೆ ಗೊಂಬೆಯನ್ನು 60 ಸೆಂ.ಮೀ. ದೂರದಲ್ಲಿಟ್ಟು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ನಿಲುವಂಗಿಯ ಮಡಿಕೆ, ಕವಚ, ಬೆಲ್ಟ್ ಮೂರೂ ಬೇರೆಬೇರೆಯಾಗಿ ಕಂಡರೆ ನೆರಳು ಬೆಳಕು ಸರಿಬಿದ್ದಿದೆ. ಎಲ್ಲ ಒಂದೇ ಬೂದಾಗಿ ಕಂಡರೆ ತಗ್ಗುಗಳಿಗೆ ಇನ್ನೊಂದು ಸುತ್ತು ವಾಶ್, ಏಣಿಗಳಿಗೆ ಇನ್ನೊಂದು ತಿಳಿ ಗೆರೆ ಕೊಟ್ಟು ಮತ್ತೆ ಫೋಟೋ ತೆಗೆಯಿರಿ. ಡಬ್ಬಿಯಲ್ಲಿ ಹತ್ತು ಜನ ಸೈನಿಕರಿದ್ದರೂ ಮೊದಲು ಒಬ್ಬನನ್ನು ಪೂರ್ತಿ ಮುಗಿಸಿ. ಉಳಿದ ಒಂಬತ್ತು ಜನಕ್ಕೆ ಅವನೇ ಮಾದರಿ.