ನಿಲ್ಲುವ ಹೊತ್ತಿನ ಲೆಕ್ಕ

ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಕಬ್ಬಿಣದ ಅದಿರಿನ ಊರು. ಗಣಿ ಆಳಕ್ಕೆ ಇಳಿದಂತೆಲ್ಲ ಮೇಲಿನ ನೆಲ ಜಗ್ಗುತ್ತಿರುವುದರಿಂದ ಊರಿನ ನಡುಭಾಗವನ್ನೇ ಪೂರ್ವಕ್ಕೆ ಸಾಗಿಸುತ್ತಿದ್ದಾರೆ. 1912ರಲ್ಲಿ ಕಟ್ಟಿ ಮುಗಿಸಿದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ ಸುಮಾರು 5 ಕಿಲೋಮೀಟರ್ ಒಯ್ದರು. ಗಣಿ ಯಂತ್ರಗಳ ಸಾಫ್ಟ್‌ವೇರ್ ಕೆಲಸಕ್ಕೆ ಬೆಂಗಳೂರಿನಿಂದ ಆಗಾಗ ಆನ್‌ಸೈಟ್ ಹೋಗುವ ನನಗೆ ಅಲ್ಲಿ ವಾರವಿಡೀ ಕಾಣುವುದು ಮಾನಿಟರ್ ಮತ್ತು ಮೀಟಿಂಗ್ ರೂಮು. ಶನಿವಾರ ಬಂತೆಂದರೆ ಬೆಳಿಗ್ಗೆಯೇ ನಾರ್ವೆ ಕಡೆಯ ರೈಲು ಹತ್ತುತ್ತೇನೆ. ಎದುರಿನಿಂದ ಬರುವ ಅದಿರಿನ ರೈಲಿಗೆ 68 ಬೋಗಿ. ಅದು ದಾಟಿಹೋಗುವಷ್ಟು ಹೊತ್ತೂ ಕಿಟಕಿಯಾಚೆ ಬೇರೇನೂ ಕಾಣುವುದಿಲ್ಲ. ಅದಾದ ಮೇಲೆ ತೋರ್ನೆತ್ರೆಸ್ಕ್ ಸರೋವರದ ನೀರು ತೆರೆದುಕೊಳ್ಳುತ್ತದೆ. ಅಲ್ಲಿಂದಾಚೆಗೆ ಅಬಿಸ್ಕೊ.

ಅಬಿಸ್ಕೊ ಇರುವುದು ಆರ್ಕ್‌ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ. 1909ರಲ್ಲೇ ರಾಷ್ಟ್ರೀಯ ಉದ್ಯಾನವಾದ ಜಾಗ. ದಕ್ಷಿಣದ ಹೆಮಾವಾನ್‌ವರೆಗೆ ಸುಮಾರು 440 ಕಿಲೋಮೀಟರ್ ಸಾಗುವ ಕುಂಗ್ಸ್‌ಲೇಡೆನ್ ಕಾಲುದಾರಿ ಶುರುವಾಗುವುದೂ ಇಲ್ಲೇ. ಮೊದಲ ಕಿಲೋಮೀಟರುಗಳು ಓಟಗಾರರಿಗೆ ಹಬ್ಬ. ಹೆಚ್ಚು ಎತ್ತರಕ್ಕೆ ಬೆಳೆಯದೆ ಸೊಟ್ಟಗಾದ ಬರ್ಚ್ ಮರಗಳು, ಪಕ್ಕದಲ್ಲೇ ಭೋರ್ಗರೆಯುವ ಹೊಳೆ, ದೊಡ್ಡ ಏರುಗಳಿಲ್ಲದ ದಾರಿ. ಕಾಲು ತಾನಾಗಿ ವೇಗ ಹಿಡಿಯುತ್ತದೆ. ಆ ವೇಗವನ್ನು ನಂಬಿಕೊಂಡು ಹೊರಡಬಾರದು ಎನ್ನುವುದನ್ನು ನಾನು ಅಲ್ಲಿ ಕಲಿತೆ.

ಕಲಿಸಿದವರು ಗಣಿಯಲ್ಲಿ ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಹಿರಿಯರು. ನಾನು ಓಡಲು ಹೋಗುತ್ತೇನೆ ಎಂದಾಗ ಅವರು ಎಷ್ಟು ದೂರ, ಎಷ್ಟು ವೇಗ ಎಂದೇನೂ ಕೇಳಲಿಲ್ಲ. ಬೆನ್ನಚೀಲ ತೆಗೆಸಿ, ಒಳಗಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿಸಿ, "ಇಷ್ಟರಲ್ಲಿ ಮಳೆಗಾಳಿಯಲ್ಲಿ ಮೂರು ಗಂಟೆ ಒಂದೇ ಕಡೆ ಕೂತಿರುವುದಕ್ಕೆ ಆಗುತ್ತದಾ?" ಎಂದರು. ಅವತ್ತಿನಿಂದ ನನ್ನ ತಯಾರಿಯೆಲ್ಲ ಆ ಪ್ರಶ್ನೆಗೆ ಉತ್ತರವಾಗಿಯೇ ನಡೆದಿದೆ.

ಲೆಕ್ಕ ಸರಳ. ಓಡಿ ಹೋದರೆ 5 ಕಿಲೋಮೀಟರ್ ಅರ್ಧ ಗಂಟೆಯ ಮಾತು. ಅಲ್ಲಿ ಪಾದ ಉಳುಕಿದರೆ ಅದೇ 5 ಕಿಲೋಮೀಟರನ್ನು ಕುಂಟಿಕೊಂಡು ಬರಲು ಎರಡೂವರೆ ಗಂಟೆ ಬೇಕು, ಮೂರೂ ಆದೀತು. ಓಡುವಾಗ ಮೈ ಒಲೆಯ ಹಾಗೆ ಕಾಯುತ್ತಿರುವುದರಿಂದ ತೆಳು ಅಂಗಿ ಸಾಕು. ನಿಂತ ಕೂಡಲೇ ಬೆವರಿದ ಬಟ್ಟೆ ಆ ಕಾವನ್ನೆಲ್ಲ ಹೀರತೊಡಗುತ್ತದೆ. ಮೈ ತಣಿದು ಜೀವಕ್ಕೇ ಅಪಾಯವಾಗಲು ಹಿಮ ಬೀಳಬೇಕಾಗಿಲ್ಲ. ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಮೇಲಿದ್ದರೂ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಸಾಕು. ಹಾಗಾಗಿ ನಾನು ಚೀಲಕ್ಕೆ ತುಂಬುವುದು ನಿಲ್ಲುವ ಹೊತ್ತಿನ ಬಟ್ಟೆ: ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಉಣ್ಣೆಯ ಒಳಂಗಿ, ಗಾಳಿಮಳೆ ತಡೆಯುವ ಜಾಕೆಟ್ಟು ಮತ್ತು ಪ್ಯಾಂಟು, ಟೋಪಿ, ಕೈಗವಸು, ಬೆಳ್ಳಿಬಣ್ಣದ ತುರ್ತು ಹೊದಿಕೆ. ಹತ್ತಿಯದು ಒಂದೂ ಇರಕೂಡದು; ಹತ್ತಿ ನೀರು ಕುಡಿದರೆ ಬೇಗ ಬಿಡುವುದಿಲ್ಲ. ನೀರಿನ ಭಾರ ಮಾತ್ರ ಕಡಿಮೆ, ಹೊಳೆಯಲ್ಲೇ ಬಗ್ಗಿ ಕುಡಿಯಬಹುದು.

ನಾನು ಕಳಸದ ಕಡೆಯವನು. ಕಬ್ಬಿಣದ ಗಣಿ ಮತ್ತು ಬೆಟ್ಟ ಒಟ್ಟಿಗೆ ಇರುವುದನ್ನು ಕುದುರೆಮುಖದಲ್ಲಿ ಕಂಡು ಬೆಳೆದವನು; ಅಲ್ಲಿನ ಗಣಿ 2005ರ ಕೊನೆಯಲ್ಲಿ ನಿಂತುಹೋಯಿತು. ಮಲೆನಾಡಿನ ಮಳೆಯಲ್ಲಿ ದಿನವಿಡೀ ನೆನೆಯುತ್ತಾ ಓಡಿದ್ದೇವೆ. ಕಾಲು ಉಳುಕಿದರೆ ತೋಟದವರು ಯಾರಾದರೂ ಬರುತ್ತಾರೆ, ಜೀಪು ಸಿಗುತ್ತದೆ, ಬಿಸಿ ಕಾಫಿಯೂ ಸಿಗುತ್ತದೆ. ಆ ಧೈರ್ಯವನ್ನು ಉತ್ತರಕ್ಕೆ ಒಯ್ಯುವಂತಿಲ್ಲ. ಅಬಿಸ್ಕೊದಲ್ಲಿ ವರ್ಷವಿಡೀ ಬೀಳುವುದು ಸುಮಾರು 300 ಮಿಲಿಮೀಟರ್, ಪಶ್ಚಿಮದ ಬೆಟ್ಟಗಳು ಮೋಡಗಳನ್ನು ಅಲ್ಲೇ ತಡೆಯುತ್ತವೆ. ಆದರೂ ಆ ಒಂದಿಷ್ಟು ಹನಿಗೆ ನಾನು ಆಗುಂಬೆಯ ಮಳೆಗಿಂತ ಹೆಚ್ಚು ಹೆದರುತ್ತೇನೆ.

ದಾರಿ ಗುರುತುಗಳನ್ನು ಓದುವುದನ್ನೂ ಹೊಸದಾಗಿ ಕಲಿಯಬೇಕು. ಎತ್ತರದ ಕಂಬಗಳ ತುದಿಯಲ್ಲಿ X ಆಕಾರದ ಕೆಂಪು ಗುರುತು ದೂರದಿಂದಲೇ ಎದ್ದು ಕಾಣುತ್ತದೆ. ಅದು ಚಳಿಗಾಲದ ದಾರಿ, ಸ್ಕೀ ಮತ್ತು ಸ್ನೋಮೊಬೈಲ್‌ಗಳಿಗೆ ಹಾಕಿದ್ದು. ಹೆಪ್ಪುಗಟ್ಟಿದ ಕೆರೆಯ ಮೇಲೆ, ಜೌಗಿನ ಮೇಲೆ ಅದು ನೆಟ್ಟಗೆ ಹೋಗುತ್ತದೆ. ಬೇಸಿಗೆಯಲ್ಲಿ ಅದನ್ನೇ ಹಿಡಿದರೆ ಮಂಡಿಯುದ್ದ ಕೆಸರು. ಬೇಸಿಗೆಯ ಗುರುತು ಕೆಳಗಿರುತ್ತದೆ: ಬಂಡೆಗೆ ಬಳಿದ ಕೆಂಪು ಬಣ್ಣ, ಕಲ್ಲುಗುಪ್ಪೆ. ಕೆಲವೆಡೆ ಎರಡೂ ಕೂಡಿ ಮತ್ತೆ ಬೇರೆಯಾಗುತ್ತವೆ. ಅಂಥ ಕಡೆ ನಿಂತು ನಕ್ಷೆ ನೋಡುತ್ತೇನೆ. ಓಡುತ್ತಲೇ ನೋಡುವ ಕೆಲಸ ಅದಲ್ಲ.

ಜೌಗಿರುವಲ್ಲಿ ಅಕ್ಕಪಕ್ಕ ಎರಡು ಹಲಗೆ ಹಾಸಿದ ಹಾದಿ. ಇಕ್ಕೆಲದಲ್ಲೂ ಹತ್ತಿಯಂಥ ಬಿಳಿ ಕುಚ್ಚು ಹೊತ್ತ ಹುಲ್ಲು, ನಡುವೆ ಕಂದು ನೀರು. ಹಲಗೆ ಒಣಗಿದ್ದರೆ ಅದರ ಮೇಲೆ ಓಡುವ ಸುಖವೇ ಬೇರೆ. ಪ್ರತಿ ಹೆಜ್ಜೆಗೂ ಅದು ಒಂಚೂರು ಬಗ್ಗಿ ಕಾಲನ್ನು ಮೇಲಕ್ಕೆ ಎತ್ತಿಕೊಡುತ್ತದೆ. ಸೆಪ್ಟೆಂಬರಿನ ಬೆಳಿಗ್ಗೆ ಕಾಡು ಹಳದಿ-ಕೆಂಪಾಗಿ, ಸೊಳ್ಳೆಗಳ ಕಾಟ ಮುಗಿದು, ಓಟಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ ಅನ್ನಿಸುತ್ತದೆ. ಆದರೆ ಅದೇ ಹಲಗೆಗಳ ಮೇಲೆ ರಾತ್ರಿ ಕೂತ ಇಬ್ಬನಿ ತೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಗ್ಗಿ ನೋಡಿದರೆ ಮರದ ಎಳೆಗಳ ಮೇಲೆ ಉಪ್ಪು ಚಿಮುಕಿಸಿದಷ್ಟೇ ಬಿಳುಪು. ಎಷ್ಟೇ ಒಳ್ಳೆಯ ಶೂ ಆದರೂ ಹಿಡಿತ ಸಿಗದು. ಅಲ್ಲಿ ನಾನು ನಡೆಯುತ್ತೇನೆ.

ಬೇಸಿಗೆಯಲ್ಲಿ ಗಮನಿಸಬೇಕಾದ್ದು ತೊರೆಗಳು. ಮೇಲಿನ ಹಿಮ ಬಿಸಿಲಿಗೆ ಕರಗುವುದರಿಂದ ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಹಾರಿ ದಾಟಿದ ತೊರೆ ಸಂಜೆಗೆ ತೊಡೆಮಟ್ಟ ಬಂದಿರಬಹುದು. ಹಾಗಾಗಿ ಸೇತುವೆಯಿಲ್ಲದ ತೊರೆ ಸಿಕ್ಕರೆ ಇದನ್ನು ಈಗ ದಾಟಬಹುದೇ ಎನ್ನುವುದಕ್ಕಿಂತ ನಾನು ವಾಪಸ್ ಬರುವ ಹೊತ್ತಿಗೆ ದಾಟಬಹುದೇ ಎಂದು ನೋಡಬೇಕು. ಅನುಮಾನವಿದ್ದರೆ ಓಟ ಅಲ್ಲಿಗೇ ಮುಗಿಯಿತು.

ಹಿಂದಿರುಗುವ ಹೊತ್ತನ್ನು ಆಕಾಶ ಹೇಳುವುದಿಲ್ಲ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಮ್ಮಲ್ಲಿ ಹೊತ್ತು ಇಳಿದರೆ ಕಾಲು ಮನೆ ಕಡೆ ತಿರುಗುತ್ತದೆ. ಅಲ್ಲಿ ರಾತ್ರಿ ಹತ್ತಕ್ಕೂ ಬೆಟ್ಟಗಳ ಮೇಲೆ ಬಿಸಿಲು. ಇನ್ನೊಂದು ತಿರುವು, ಇನ್ನೊಂದು ದಿಬ್ಬ ಎಂದು ಮನಸ್ಸು ಎಳೆಯುತ್ತದೆ. ಮೈಗೆ ದಣಿವಾದದ್ದು ಗೊತ್ತಾಗುವಷ್ಟರಲ್ಲಿ ದೂರ ಬಂದಾಗಿರುತ್ತದೆ. ವಾಚಿನಲ್ಲಿ ಅಲಾರಂ ಇಟ್ಟು, ಅದು ಬಡಿದಲ್ಲಿಂದಲೇ ತಿರುಗುವುದು ನನ್ನ ಪದ್ಧತಿ. ಸೋಮವಾರ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ನನ್ನ ತಂಡ ನನ್ನನ್ನು ಕಾಯುತ್ತಿರುತ್ತದೆ. ಕೆಲಸಕ್ಕೆಂದು ಕಳಿಸಿದವರ ಋಣವೂ ನನ್ನ ಬೆನ್ನಚೀಲದಲ್ಲಿದೆ ಎಂದೇ ಹೊರಡುತ್ತೇನೆ.

ಹಿಮಸಾರಂಗಗಳು ಎದುರಾದರೆ ಅಲಾರಂ ಬಡಿಯದಿದ್ದರೂ ನಿಲ್ಲಬೇಕು. ಅವು ಕಾಡುಪ್ರಾಣಿಗಳಂತೆ ಕಂಡರೂ ಒಂದೊಂದಕ್ಕೂ ಸಾಮಿ ಜನರಲ್ಲಿ ಒಡೆಯರಿದ್ದಾರೆ, ಕಿವಿಯಲ್ಲಿ ಗುರುತಿನ ಕತ್ತರಿಕೆ ಇರುತ್ತದೆ. ಬೇಸಿಗೆಯ ಮೊದಲಲ್ಲಿ ಕರುಗಳಿರುತ್ತವೆ. ಓಡಿಕೊಂಡು ಬರುವ ಮನುಷ್ಯನನ್ನು ಕಂಡು ಹಿಂಡು ಚದುರಿದರೆ ಕರು ತಾಯಿಯಿಂದ ಬೇರೆಯಾಗಬಹುದು. ನನ್ನ ಒಂದು ಗಂಟೆಯ ಖುಷಿಗೆ ಇನ್ನೊಬ್ಬರ ಬದುಕಿಗೆ ಪೆಟ್ಟು ಕೊಡುವುದು ಸರಿಯಲ್ಲ. ದೂರದಲ್ಲೇ ಕೂತು, ಅವು ದಾಟಿಹೋದ ಮೇಲೆ ಏಳುತ್ತೇನೆ. ಆಗಲೂ ಬೇಕಾಗುವುದು ಆ ಉಣ್ಣೆಯ ಒಳಂಗಿಯೇ.

ಕಣಿವೆಯೊಳಕ್ಕೆ ಹೋದಂತೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಅದಕ್ಕೇ ಹೊರಡುವ ಮುನ್ನ ಯಾವ ದಾರಿ, ಎಲ್ಲಿಯವರೆಗೆ, ಎಷ್ಟು ಗಂಟೆಗೆ ವಾಪಸ್ ಎಂದು ಚೀಟಿ ಬರೆದು ಉಳಿದುಕೊಂಡ ಕಡೆಯ ರಿಸೆಪ್ಷನ್‌ನಲ್ಲಿ ಕೊಡುತ್ತೇನೆ, ಕಿರುನಾದ ಆ ಹಿರಿಯರಿಗೂ ಮೆಸೇಜು ಹಾಕುತ್ತೇನೆ. ಹೇಳಿದ ಹೊತ್ತು ಮೀರಿದರೆ 112ಕ್ಕೆ ಫೋನ್ ಮಾಡುತ್ತಾರೆ. ಸ್ವೀಡನ್ನಿನ ಬೆಟ್ಟಗಳಲ್ಲಿ ಹುಡುಕಿ ರಕ್ಷಿಸುವ ಹೊಣೆ ಪೊಲೀಸರದು. ವಾಪಸ್ ಬಂದವನು ಶೂ ಬಿಚ್ಚುವುದಕ್ಕೂ ಮುಂಚೆ ರಿಸೆಪ್ಷನ್‌ಗೆ ಹೋಗಿ ಆ ಚೀಟಿ ಹರಿಸಬೇಕು, ಹಿರಿಯರಿಗೆ "ಬಂದೆ" ಎಂದು ಕಳಿಸಬೇಕು. ಸ್ನಾನ, ಊಟ ಎಲ್ಲ ಆಮೇಲೆ.